ಫೋನ್ ಯಾರ ಕೈಯಲ್ಲಿದೆ? ಮಕ್ಕಳ ಟೈಪ್ 1 ಮಧುಮೇಹ, ಆರೋಗ್ಯ ಆ್ಯಪ್ ಮತ್ತು ಕುಟುಂಬದ ಪ್ರೇರಣೆ: ಒಂದು ಟಿಪ್ಪಣಿ

ಆರೋಗ್ಯ ಆ್ಯಪ್‌ಗಳ ಬಗೆಗಿನ ಸಂಶೋಧನಾ ಬರಹಗಳಲ್ಲಿ 'ಬಳಕೆದಾರ' ಎಂಬ ಪದ ಏಕವಚನದಲ್ಲೇ ಬರುತ್ತದೆ. ಬಳಕೆದಾರನಿಗೆ ಅದು ಉಪಯುಕ್ತ ಅನ್ನಿಸಿತೇ, ಎಷ್ಟು ದಿನ ಬಳಸಿದ, ಯಾವಾಗ ಬಿಟ್ಟ ಎಂದು ಕೇಳಲಾಗುತ್ತದೆ. ಏಳು ವರ್ಷದ ಮಗುವಿಗೆ ಟೈಪ್ 1 ಮಧುಮೇಹ ಬಂದ ಮನೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಯಾರು? ಸೂಜಿ ಚುಚ್ಚಿಸಿಕೊಳ್ಳುವುದು ಮಗು, ರಾತ್ರಿ ನಿದ್ದೆಗೆಡುವುದು ಹೆಚ್ಚಾಗಿ ತಾಯಿ, ಫೋನ್ ಇರುವುದು ತಂದೆಯ ಜೇಬಿನಲ್ಲಿ, ಊಟ ಬಡಿಸುವುದು ಅಜ್ಜಿ. ಇವರಲ್ಲಿ ಒಬ್ಬೊಬ್ಬರಿಗೂ ಆ ಆ್ಯಪ್ ತೆರೆಯಲು ಒಂದೊಂದು ಕಾರಣವಿದೆ, ತೆರೆಯದಿರಲು ಇನ್ನೊಂದು ಕಾರಣವಿದೆ. ಪ್ರೇರಣೆಯನ್ನು ಒಬ್ಬ ವ್ಯಕ್ತಿಯೊಳಗಿನ ಗುಣವೆಂದು ಅಳೆಯುವವರೆಗೆ ಇಂಥ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದು ನಮಗೆ ಸಿಕ್ಕುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಇದು ಹೊಸ ಸಮೀಕ್ಷೆಯ ವರದಿಯಲ್ಲ. ಈಗಾಗಲೇ ಪ್ರಕಟವಾಗಿರುವ ಕೆಲವು ಅಧ್ಯಯನಗಳನ್ನು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮತ್ತೆ ಓದಿದ್ದೇನೆ.

ಕಾಯಿಲೆಯ ಬಗ್ಗೆ ಎರಡು ಮಾತು. 'ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆಯೇ' ಎಂದು ಇಂದಿಗೂ ಕೇಳುವವರಿದ್ದಾರೆ, ಸಿಹಿ ತಿನ್ನಿಸಿ ಬರಿಸಿದಿರಿ ಎಂದು ತಾಯಿಯನ್ನು ದೂರುವವರೂ ಇದ್ದಾರೆ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ಬದುಕಿರುವಷ್ಟು ಕಾಲ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು. ಹೆಚ್ಚಾದರೆ ರಕ್ತದ ಸಕ್ಕರೆ ಥಟ್ಟನೆ ಇಳಿದು ಮಗು ಎಚ್ಚರ ತಪ್ಪಬಹುದು, ಕಡಿಮೆಯಾದರೆ ವರ್ಷಗಳ ನಂತರ ಕಣ್ಣು, ಮೂತ್ರಪಿಂಡ, ನರಗಳಿಗೆ ಪೆಟ್ಟು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಟ್ಲಾಸ್ ಪ್ರಕಾರ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2,29,400 ಮಕ್ಕಳು ಮತ್ತು ಹದಿಹರೆಯದವರಿಗೆ ಈ ಕಾಯಿಲೆಯಿದೆ. ಯಾವ ದೇಶದಲ್ಲೂ ಸಂಖ್ಯೆ ಇಷ್ಟಿಲ್ಲ. ನಮ್ಮಲ್ಲೇ ನಡೆದ ಹಳೆಯ ಎಣಿಕೆಯೊಂದಿದೆ. 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಕ್ಕೆ 3.7 ಹುಡುಗರು, 4.0 ಹುಡುಗಿಯರು ಹೊಸದಾಗಿ ಈ ಕಾಯಿಲೆಗೆ ಒಳಗಾಗುತ್ತಿದ್ದರು.

ಪ್ರೇರಣೆಯನ್ನು ವಿವರಿಸಲು ಈ ಕ್ಷೇತ್ರದವರು ಮತ್ತೆ ಮತ್ತೆ ಎತ್ತಿಕೊಳ್ಳುವ ಸಿದ್ಧಾಂತಗಳು ಮೂರು. ಮೊದಲನೆಯದು ಆರೋಗ್ಯ ನಂಬಿಕೆಯ ಮಾದರಿ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯರೋಗ ಪತ್ತೆಗೆ ಎಕ್ಸ್‌ರೇ ಏರ್ಪಡಿಸಿದರೂ ಜನ ಯಾಕೆ ಬರುವುದಿಲ್ಲ ಎಂದು ಹುಡುಕುತ್ತಾ ಹೋಗಿ ಇದನ್ನು ಕಟ್ಟಿದರು. ಎರಡನೆಯದು ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿ: ಒಂದು ಸಾಧನ ಉಪಯೋಗಕ್ಕೆ ಬರುತ್ತದೆ, ಬಳಸುವುದು ಸುಲಭ ಎಂಬ ಎರಡು ನಂಬಿಕೆಗಳಿದ್ದರೆ ಜನ ಬಳಸುತ್ತಾರೆ. ಈ ಮಾದರಿಯ ಅಳತೆಗೋಲನ್ನು ಮೊದಲು ಪರೀಕ್ಷಿಸಿದ್ದು ಟೊರಾಂಟೋದ ಐಬಿಎಂ ಪ್ರಯೋಗಾಲಯದ 112 ನೌಕರರ ಮೇಲೆ, ಇಮೇಲ್ ಮತ್ತು ಕಡತ ತಿದ್ದುವ ಸಾಫ್ಟ್‌ವೇರ್ ಕುರಿತು. ಎಕ್ಸ್‌ರೇಗೆ ಹೋಗುವವನೂ ಇಮೇಲ್ ಬಳಸುವವನೂ ತನಗಾಗಿ ತಾನೇ ನಿರ್ಧರಿಸುವ ವಯಸ್ಕ. ಮಗುವಿನ ಕಾಯಿಲೆಗೆ ಈ ಮಾದರಿಗಳನ್ನು ಹಾಗೆಯೇ ತಂದು ಕೂರಿಸುವುದು ನನಗೆ ಒಪ್ಪಿತವಲ್ಲ. ಮೂರನೆಯದು, ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1985ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದ ಸ್ವನಿರ್ಧಾರ ಸಿದ್ಧಾಂತ. ಇದೂ ವ್ಯಕ್ತಿಯಿಂದಲೇ ಶುರುವಾಗುತ್ತದೆ, ಆದರೆ ನಮಗೆ ಬೇಕಾದ ಒಂದು ಕಿಟಕಿಯನ್ನು ತೆರೆದಿಡುತ್ತದೆ. ಹೊರಗಿನವರ ಒತ್ತಾಯಕ್ಕೆ ಮಾಡುತ್ತಿದ್ದ ಕೆಲಸ ಕ್ರಮೇಣ 'ಇದು ನನ್ನದೇ' ಅನ್ನಿಸುವವರೆಗೆ ಹೇಗೆ ಒಳಗಿಳಿಯುತ್ತದೆ ಎಂಬ ದಾರಿಯನ್ನು ಅದು ಹಂತಹಂತವಾಗಿ ಗುರುತಿಸುತ್ತದೆ. ಹಾಗೆ ಒಳಗಿಳಿಯಲು ಮನುಷ್ಯನಿಗೆ ಮೂರು ಬೇಕು ಎನ್ನುತ್ತದೆ: ನಿರ್ಧಾರ ತನ್ನದೆಂಬ ಭಾವ, ತನ್ನಿಂದ ಆಗುತ್ತದೆಂಬ ಧೈರ್ಯ, ತನ್ನವರ ಜತೆಗಿನ ನಂಟು.

ಇನ್ನು ಮನೆಯೊಳಕ್ಕೆ ಬರೋಣ. ತಂದೆತಾಯಿಯರನ್ನು ಆ್ಯಪ್ ಕಡೆಗೆ ತಳ್ಳುವುದು ಮೊದಲಿಗೆ ಭಯ, ಅದರಲ್ಲೂ ರಾತ್ರಿಯ ಭಯ. ನಿದ್ದೆಯಲ್ಲಿ ಸಕ್ಕರೆ ಇಳಿದರೆ ಮಗು ಹೇಳಲಾರದು. ಮಧ್ಯರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ ಅಲಾರಂ ಇಟ್ಟುಕೊಂಡು ಎದ್ದು, ಮಲಗಿರುವ ಮಗುವಿನ ಬೆರಳು ಚುಚ್ಚಿ, ಗ್ಲೂಕೋಮೀಟರಿನ ಅಂಕಿ ನೋಡಿ ಮಲಗುವುದು ಇಂಥ ಮನೆಗಳ ದಿನಚರಿ. 'ಶುಗರ್ ಲೋ' ಎಂಬ ಎರಡು ಪದ ಕೇಳಿದರೆ ಸಾಕು, ಮನೆಯವರೆಲ್ಲ ಎದ್ದು ಕೂರುತ್ತಾರೆ. ಚರ್ಮದಡಿ ಸೂಕ್ಷ್ಮ ತಂತು ಇಟ್ಟು ಐದು ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 288 ಬಾರಿ, ಸಕ್ಕರೆಯ ಮಟ್ಟ ಓದುವ ಸೆನ್ಸರ್‌ಗಳು ಬಂದಾಗ ಪೋಷಕರು ಅವುಗಳತ್ತ ಕೈಚಾಚಿದ್ದರ ಹಿಂದೆ ಈ ರಾತ್ರಿಗಳಿವೆ.

ಭಯ ಎಷ್ಟು ದೊಡ್ಡ ಪ್ರೇರಣೆಯಾಗಬಲ್ಲದು ಎಂಬುದಕ್ಕೆ 'ನೈಟ್‌ಸ್ಕೌಟ್' ಹುಟ್ಟಿದ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಾಫ್ಟ್‌ವೇರ್ ಎಂಜಿನಿಯರ್ ಜಾನ್ ಕಾಸ್ಟಿಕ್ ಅವರ ಮಗನಿಗೆ 2012ರಲ್ಲಿ, ನಾಲ್ಕು ವರ್ಷವಿದ್ದಾಗ, ಟೈಪ್ 1 ಇದೆಯೆಂದು ತಿಳಿಯಿತು. ಮಗುವಿಗೆ ಹಾಕಿದ ಡೆಕ್ಸ್‌ಕಾಮ್ ಸೆನ್ಸರ್ ತನ್ನ ಅಂಕಿಗಳನ್ನು ಸುಮಾರು 20 ಅಡಿಯೊಳಗಿದ್ದ ಪುಟ್ಟ ರಿಸೀವರ್‌ಗೆ ಮಾತ್ರ ಕಳುಹಿಸುತ್ತಿತ್ತು. ಮಗು ಶಾಲೆಯಲ್ಲಿ, ತಂದೆ ಕೆಲಸದಲ್ಲಿ. ಅಂಕಿಗಳಿದ್ದರೂ ನೋಡಬೇಕಾದವರಿಗೆ ಕಾಣುತ್ತಿರಲಿಲ್ಲ. 2013ರಲ್ಲಿ ಅವರು ತಾವೇ ಪ್ರೋಗ್ರಾಂ ಬರೆದು ಆ ಅಂಕಿಗಳನ್ನು ಅಂತರ್ಜಾಲಕ್ಕೆ ಏರಿಸಿ, ದೂರದಿಂದಲೇ ನೋಡುವಂತೆ ಮಾಡಿಕೊಂಡರು. ಲೇನ್ ಡೆಸ್‌ಬರೋ, ಬೆನ್ ವೆಸ್ಟ್ ಮೊದಲಾದವರು ಕೈಜೋಡಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಸಭೆಯಿಂದ 'ನಾವು ಕಾಯುವುದಿಲ್ಲ' ಎಂಬ ಘೋಷಣೆ ಹೊರಟಿತು. 2014ರಲ್ಲಿ ಆ ಪ್ರೋಗ್ರಾಮನ್ನು 'ನೈಟ್‌ಸ್ಕೌಟ್' ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಟ್ಟರು. ಅಂಥದೇ ಕೆಲಸ ಮಾಡುವ, ಡೆಕ್ಸ್‌ಕಾಮ್ ಕಂಪನಿಯದೇ ಆದ ಆ್ಯಪ್ ವ್ಯವಸ್ಥೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಅನುಮತಿ ಕೊಟ್ಟದ್ದು 2015ರ ಜನವರಿಯಲ್ಲಿ.

ಇದನ್ನು ತಂತ್ರಜ್ಞಾನದ ಚರಿತ್ರೆಯಾಗಿ ಹೇಳುವುದು ವಾಡಿಕೆ. ನನಗೆ ಇದು ಪ್ರೇರಣೆಯ ಚರಿತ್ರೆಯಾಗಿ ಹೆಚ್ಚು ಮುಖ್ಯ. ನೈಟ್‌ಸ್ಕೌಟನ್ನು ತಮ್ಮ ಮನೆಗೆ ಅಳವಡಿಸಿಕೊಂಡ ಪೋಷಕರಿಗೆ ಅದು ಸುಲಭವಾಗಿರಲಿಲ್ಲ. ಕೇಬಲ್ಲು, ಸರ್ವರ್ ಎಂದು ಒದ್ದಾಡಿ ಕಲಿತರು. ಬಳಕೆ ಸುಲಭವಾಗಿದ್ದರೆ ಜನ ಬಳಸುತ್ತಾರೆ ಎಂಬ ಡೇವಿಸ್ ಮಾದರಿಯ ಒಂದು ಕಾಲು ಇಲ್ಲಿ ನೆಲಕ್ಕೆ ತಾಗುವುದೇ ಇಲ್ಲ. ಅವರು ಬಯಸಿದ್ದು ಮಗುವನ್ನು ಶಾಲೆಗೆ ಕಳಿಸಿ ನೆಮ್ಮದಿಯಾಗಿ ಕೆಲಸ ಮಾಡುವುದು, ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಮಾಡುವುದು. ಪೋಷಕರ ಪ್ರೇರಣೆಯನ್ನು ಅಳೆಯಹೊರಟವರು ರಕ್ತಪರೀಕ್ಷೆಯ ಫಲಿತಾಂಶದ ಜತೆಗೆ ಮನೆಯವರ ನಿದ್ದೆಯನ್ನೂ ಅಳೆಯಬೇಕು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಮಗುವಿನ ಕಡೆ. 2008ರಲ್ಲಿ ಪ್ರಕಟವಾದ ಅಮೆರಿಕದ ಜೆಡಿಆರ್‌ಎಫ್ (ಬಾಲ್ಯ ಮಧುಮೇಹ ಸಂಶೋಧನಾ ಪ್ರತಿಷ್ಠಾನ) ಸೆನ್ಸರ್ ಪ್ರಯೋಗದ ಅಂಕಿಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 322 ಮಂದಿ ಭಾಗವಹಿಸಿದ್ದ 26 ವಾರಗಳ ಪ್ರಯೋಗ ಅದು. ಸೆನ್ಸರ್ ಪಡೆದವರಲ್ಲಿ ವಾರಕ್ಕೆ ಸರಾಸರಿ ಆರು ದಿನವೋ ಅದಕ್ಕಿಂತ ಹೆಚ್ಚೋ ಹಾಕಿಕೊಂಡವರು 25 ವರ್ಷ ಮೇಲ್ಪಟ್ಟವರಲ್ಲಿ ಶೇ. 83, 15ರಿಂದ 24ರವರಲ್ಲಿ ಶೇ. 30, 8ರಿಂದ 14ರವರಲ್ಲಿ ಶೇ. 50. ವಯಸ್ಸು ಏರಿದಂತೆ ಬಳಕೆಯೂ ಏರಬೇಕಿತ್ತಲ್ಲ? ಚಿಕ್ಕ ಮಕ್ಕಳಿಗಿಂತ ಹದಿಹರೆಯ ದಾಟುತ್ತಿದ್ದವರಲ್ಲಿ ಅದು ಕುಸಿದಿದೆ. ಎಂಟು ವರ್ಷದ ಮಗುವಿನ ಶೇ. 50ರ ಹಿಂದೆ ತಾಯಿಯ ಕೈಯಿದೆ ಎಂಬುದು ನನ್ನ ಓದು. ಹದಿನೇಳು ವರ್ಷದವರಲ್ಲಿ ಆ ಕೈ ಹಿಂದೆ ಸರಿದಿದೆ, ಅವರ ಸ್ವಂತ ಕೈ ಇನ್ನೂ ಮುಂದೆ ಬಂದಿಲ್ಲ. ಪ್ರೇರಣೆ ಒಬ್ಬರಿಂದ ಒಬ್ಬರಿಗೆ ಕೈಬದಲಾಗುವ ಹೊತ್ತಿನಲ್ಲಿ ಬಿದ್ದ ಬಿರುಕು ಅದು. ಪೋಷಕರ ಪ್ರೇರಣೆಯನ್ನೂ ಮಗುವಿನ ಪ್ರೇರಣೆಯನ್ನೂ ಒಂದೇ ಅಂಕಿಯಲ್ಲಿ ಬೆರೆಸಿ ಹಾಕಿದ್ದರೆ ಈ ಬಿರುಕು ಕಾಣುತ್ತಲೇ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ಸೆನ್ಸರ್‌ಗಳು ಚಿಕ್ಕವಾದವು, ಹೆಚ್ಚು ನಿಖರವಾದವು. 2020ರಲ್ಲಿ ಪ್ರಕಟವಾದ, 14ರಿಂದ 24 ವರ್ಷದ 153 ಮಂದಿಯ ಇನ್ನೊಂದು ಪ್ರಯೋಗದಲ್ಲಿ ಆರನೇ ತಿಂಗಳಲ್ಲೂ ಶೇ. 68 ಮಂದಿ ವಾರಕ್ಕೆ ಐದು ದಿನವಾದರೂ ಹಾಕಿಕೊಳ್ಳುತ್ತಿದ್ದರು. ಎರಡು ಪ್ರಯೋಗಗಳ ಅಳತೆ ಒಂದೇ ಅಲ್ಲ, ಆದ್ದರಿಂದ ನೇರವಾಗಿ ಹೋಲಿಸಲಾಗದು. ಆದರೂ ಸಾಧನ ಸುಧಾರಿಸಿದರೆ ಬಿರುಕು ಕಿರಿದಾಗಬಲ್ಲದು ಎಂಬ ಭರವಸೆಗೆ ಅದು ಎಡೆಕೊಡುತ್ತದೆ. ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ.

ಹದಿಹರೆಯದವರನ್ನು ಒಲಿಸಿಕೊಳ್ಳಲು ಆ್ಯಪ್ ತಯಾರಕರು ಹಿಡಿದ ಹಾದಿ ಬಹುಮಾನದ್ದು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿದ ಮೈಶುಗರ್ ಆ್ಯಪ್ ಮಧುಮೇಹವನ್ನು ಒಂದು ಪುಟ್ಟ ರಾಕ್ಷಸನಾಗಿ ಚಿತ್ರಿಸಿತು. ಅಂಕಿ ದಾಖಲಿಸಿದಷ್ಟೂ ಪಾಯಿಂಟ್, ಪಾಯಿಂಟ್ ಸೇರಿದಷ್ಟೂ ರಾಕ್ಷಸ ಪಳಗುತ್ತಾನೆ. ಟೊರಾಂಟೋದವರು ತಯಾರಿಸಿದ 'ಬ್ಯಾಂಟ್' ಆ್ಯಪ್, ಆ ಊರಿನಲ್ಲೇ ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಹೆಸರು ಹೊತ್ತದ್ದು, ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 2012ರಲ್ಲಿ ಪ್ರಕಟವಾದ ಅದರ ಪ್ರಾಯೋಗಿಕ ಅಧ್ಯಯನದಲ್ಲಿ 12ರಿಂದ 16 ವರ್ಷದ 20 ಮಕ್ಕಳಿದ್ದರು. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ಹಾಡು ಮತ್ತು ಆ್ಯಪ್ ಕೊಳ್ಳಲು ಬಹುಮಾನ ಸಿಗುತ್ತಿತ್ತು. 12 ವಾರಗಳಲ್ಲಿ ದಿನದ ಸರಾಸರಿ ಪರೀಕ್ಷೆ 2.4ರಿಂದ 3.6ಕ್ಕೆ, ಅಂದರೆ ಅರ್ಧದಷ್ಟು, ಏರಿತು. ಎಲ್ಲರೂ ಉತ್ಸಾಹಗೊಂಡರು. ಐದು ವರ್ಷಗಳ ನಂತರ, 2017ರಲ್ಲಿ, 92 ಮಕ್ಕಳ ಮೇಲೆ 12 ತಿಂಗಳು ನಡೆಸಿದ ಯಾದೃಚ್ಛಿಕ ಪ್ರಯೋಗದ ಫಲಿತಾಂಶ ಹೊರಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಅಂಕಿಯಲ್ಲಿ, ಆ್ಯಪ್ ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ದಿನಕ್ಕೆ ಐದೋ ಹೆಚ್ಚೋ ಸಲ ಪರೀಕ್ಷಿಸಿಕೊಂಡ ಆ್ಯಪ್ ಬಳಕೆದಾರರಲ್ಲಿ ಮಾತ್ರ ಸುಧಾರಣೆಯ ಸುಳಿವು ಕಂಡಿತು.

ಈ ಎರಡನೇ ಫಲಿತಾಂಶವನ್ನು ಪ್ರಾಮಾಣಿಕವಾಗಿ ಪ್ರಕಟಿಸಿದ ತಂಡದ ಬಗ್ಗೆ ನನಗೆ ಗೌರವವಿದೆ. ಮೊದಲ ಅಧ್ಯಯನ ಪುಟ್ಟದು, ಎರಡನೆಯದರ ಮಾನದಂಡವೇ ಬೇರೆ, ನಿಜ. ಆದರೂ ಈ ಜೋಡಿ ನೆನಪಿಗೆ ತರುವುದು 1973ರ ಒಂದು ಪ್ರಯೋಗವನ್ನು. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅವರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಕೆಲ ದಿನಗಳ ನಂತರ ಪ್ರಶಸ್ತಿಯ ಮಾತಿಲ್ಲದೆ ಬಣ್ಣಗಳನ್ನು ಮುಂದಿಟ್ಟಾಗ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದರು. ಬೆರಳು ಚುಚ್ಚಿಕೊಳ್ಳುವುದು ಚಿತ್ರ ಬಿಡಿಸಿದಂತೆ ಖುಷಿಯ ಕೆಲಸವಲ್ಲ, ಕಳೆದುಕೊಳ್ಳಲು ಅಲ್ಲಿ ಒಳಪ್ರೇರಣೆಯೇ ಇಲ್ಲ. ಆ ಕಾರಣಕ್ಕೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಬಹುಮಾನ ಮೊದಲ ಹೆಜ್ಜೆ ಇಡಿಸಬಲ್ಲದು. ದಶಕಗಟ್ಟಲೆ ನಡೆಸಬೇಕಾದ ಕಾಯಿಲೆಗೆ ಬಹುಮಾನವನ್ನೇ ನಂಬಿದ ಆ್ಯಪ್ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ತಂದೆತಾಯಿಯ ಭಯವನ್ನೂ ಮಗುವಿನ ಹಟವನ್ನೂ ಒಂದೇ ಪರದೆಯ ಮೇಲೆ ಇಟ್ಟು ನೋಡಿ. ತಂದೆಯ ಫೋನಿನಲ್ಲಿ ಮಗಳ ಅಂಕಿ ಐದು ನಿಮಿಷಕ್ಕೊಮ್ಮೆ ಬದಲಾಗುತ್ತಿದೆ. ಅದು 240 ತೋರಿಸಿದ ಕೂಡಲೇ ಫೋನ್ ರಿಂಗಾಗುತ್ತದೆ: 'ಏನು ತಿಂದೆ?' ಗೆಳತಿಯರ ನಡುವೆ ನಿಂತ ಹದಿನಾಲ್ಕರ ಹುಡುಗಿಗೆ ಆ ಪ್ರಶ್ನೆ ಆರೈಕೆಯಾಗಿ ಕೇಳುವುದಿಲ್ಲ. ಆ್ಯಪ್‌ಗಳು ಬರುವ ಎಷ್ಟೋ ಮೊದಲೇ, 1991ರಲ್ಲಿ, ಬಾರ್ಬರಾ ಆಂಡರ್‌ಸನ್ ಮತ್ತು ಜೇಮ್ಸ್ ಕಾಯ್ನ್ ದೀರ್ಘಕಾಲದ ಕಾಯಿಲೆಯಿರುವ ಮಕ್ಕಳ ಮನೆಗಳಲ್ಲಿ ಇದನ್ನು ಗುರುತಿಸಿ ಹೆಸರಿಟ್ಟಿದ್ದರು. 'ಎಡವಿದ ನೆರವು' ಎಂದು ಅದನ್ನು ಕನ್ನಡಿಸಬಹುದು. ನೆರವಾಗಲು ಹೊರಟ ಪೋಷಕರು ಫಲಿತಾಂಶ ಸರಿಬಾರದಾಗ ಗದರುತ್ತಾರೆ, ಮಗು ಮುಚ್ಚಿಡುತ್ತದೆ, ಮುಚ್ಚಿಟ್ಟದ್ದು ತಿಳಿದು ಪೋಷಕರು ಇನ್ನಷ್ಟು ಕಾವಲು ಕಾಯುತ್ತಾರೆ. ಮೊದಲೆಲ್ಲ ಈ ಜಗಳ ದಿನಕ್ಕೆ ಮೂರೋ ನಾಲ್ಕೋ ಅಂಕಿಗಳ ಸುತ್ತ ಇತ್ತು, ಈಗ 288ರ ಸುತ್ತ. ಮಗು ಸೆನ್ಸರ್ ಕಿತ್ತಿಡುವುದಕ್ಕೋ ಹಂಚಿಕೆಯ ಬಟನ್ ಒತ್ತಿ ನಿಲ್ಲಿಸುವುದಕ್ಕೋ ಪ್ರೇರಣೆಯ ಕೊರತೆ ಎಂದು ಹಣೆಪಟ್ಟಿ ಹಚ್ಚುವುದು ತಪ್ಪು. ನಿರ್ಧಾರ ತನ್ನದಾಗಿರಬೇಕೆಂಬ ಪ್ರೇರಣೆ ಅಲ್ಲಿ ಬಲವಾಗಿದೆ. ಆ್ಯಪ್ ಅದಕ್ಕೆ ಜಾಗ ಕೊಟ್ಟಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪೋಷಕರು ನೋಡಲು ಮಗುವಿನ ಒಪ್ಪಿಗೆ ಎಷ್ಟು ಬೇಕು ಎಂಬುದನ್ನು ಮನೆಯೇ ತೀರ್ಮಾನಿಸಬೇಕು. ಯಾವ ಅಂಕಿಗೆ ಕರೆ ಮಾಡಬಹುದು, ಯಾವುದಕ್ಕೆ ಸಂಜೆಯವರೆಗೆ ಕಾಯಬೇಕು ಎಂದು ತಾಯಿಮಗಳು ಮೊದಲೇ ಕೂತು ಮಾತಾಡಿಕೊಂಡ ಮನೆಯಲ್ಲಿ ಅದೇ ಆ್ಯಪ್ ಬೇರೆಯೇ ವಸ್ತುವಾಗುತ್ತದೆ.

ಕರ್ನಾಟಕದ ಮನೆಗಳಿಗೆ ಈ ಸಾಧನಗಳು ಬರುವಾಗ ಇನ್ನೂ ಕೆಲವು ಗಂಟುಗಳು ಸೇರಿಕೊಳ್ಳುತ್ತವೆ. ಮೊದಲನೆಯದು ದುಡ್ಡು. ಎರಡು ವಾರ ಬಾಳುವ ಸೆನ್ಸರ್ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ ತೆರಬೇಕು. ಗ್ಲೂಕೋಮೀಟರಿನ ಸ್ಟ್ರಿಪ್ ಉಳಿಸಲು ಪರೀಕ್ಷೆಯನ್ನೇ ಬಿಡುವ ಮನೆಗೆ ಪ್ರೇರಣೆಯ ಪಾಠ ಹೇಳುವುದು ಅನ್ಯಾಯ. ಎರಡನೆಯದು ಊಟ. ಇನ್ಸುಲಿನ್ ಪ್ರಮಾಣ ಲೆಕ್ಕ ಹಾಕಲು ತಟ್ಟೆಯಲ್ಲಿರುವ ಕಾರ್ಬೋಹೈಡ್ರೇಟ್ ಎಷ್ಟೆಂದು ತಿಳಿಯಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ 528 ಆಹಾರವಸ್ತುಗಳ ಕೋಷ್ಟಕ ಹೊರತಂದಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಅದರಿಂದ ತಿಳಿಯುತ್ತದೆ. ಆದರೆ ಅಜ್ಜಿ ಕಟ್ಟಿದ ಮುದ್ದೆಯಲ್ಲಿ ಎಷ್ಟು ಹಿಟ್ಟಿದೆ? ಮಂಡ್ಯದ ಮುದ್ದೆಯ ಗಾತ್ರವೇ ಬೇರೆ, ಬೆಂಗಳೂರಿನ ಹೋಟೆಲಿನದೇ ಬೇರೆ. ಬರ್ಗರು, ಪಾಸ್ತಾಗಳ ಪಟ್ಟಿ ತೋರಿಸುವ ಆ್ಯಪ್ ಮುಂದೆ ಆ ಅಜ್ಜಿಗೆ ತನ್ನ ತಿಳಿವಳಿಕೆಗೆ ಬೆಲೆಯಿಲ್ಲ ಅನ್ನಿಸುತ್ತದೆ. ತನ್ನಿಂದ ಆಗುತ್ತದೆಂಬ ಧೈರ್ಯ ಎಂದು ಡೆಸಿ ಮತ್ತು ರಯಾನ್ ಹೇಳಿದ್ದು ಕುಸಿಯುವುದು ಇಂಥ ಕಡೆ. ಹಿಟ್ಟಿನ ಅಳತೆಗೆ ಮನೆಯ ಲೋಟವನ್ನೇ ಬಳಸಿ, ಒಂದು ಲೋಟಕ್ಕೆ ಎಷ್ಟು ಮುದ್ದೆ ಎಂದು ಒಮ್ಮೆ ತೂಗಿಟ್ಟುಕೊಳ್ಳಲು ಕನ್ನಡದಲ್ಲಿ ಹೇಳಿಕೊಡುವ ಆ್ಯಪ್ ಇದ್ದರೆ ಆ ಅಜ್ಜಿಯೇ ಅದರ ಮೊದಲ ಬಳಕೆದಾರಳಾಗಬಲ್ಲಳು.

ಮೂರನೆಯದು ಶಾಲೆ. ಮಗುವಿನ ಅಂಕಿ ತಾಯಿಗೆ ತಲುಪಬೇಕಾದರೆ ಮಗುವಿನ ಬಳಿ ಫೋನ್ ಇರಬೇಕು. ನಮ್ಮ ಬಹುತೇಕ ಶಾಲೆಗಳು ಫೋನ್ ಒಳಗೆ ಬಿಡುವುದಿಲ್ಲ. ಟೈಪ್ 1 ಇರುವ ಮಕ್ಕಳಿಗೆ ಶಾಲೆಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಮೈಮೇಲಿನ ಸೆನ್ಸರ್ ಇಟ್ಟುಕೊಳ್ಳಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿತ್ತು. ಉತ್ತರ ಪ್ರದೇಶ ಅದೇ ವರ್ಷ ಆದೇಶ ಹೊರಡಿಸಿ, ಅಂಕಿ ಓದಲು ಬೇಕಾದ ಫೋನನ್ನು ಶಿಕ್ಷಕರ ಬಳಿ ಇಡಬಹುದು ಎಂದಿತು. ಆಗ ಶಿಕ್ಷಕಿಯೂ ಈ ಪ್ರೇರಣೆಯ ಸರಪಳಿಯ ಒಂದು ಕೊಂಡಿ.

ಕೊನೆಯದು ಗುಟ್ಟು. ಹೆಣ್ಣುಮಗುವಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದರೆ ನಾಳೆ ಮದುವೆಗೆ ತೊಡಕು ಎಂದು ನೆಂಟರಿಂದಲೂ ಮುಚ್ಚಿಡುವ ಮನೆಗಳಿವೆ. ತೋಳಿನ ಮೇಲೆ ಎದ್ದು ಕಾಣುವ ಸೆನ್ಸರ್, ಮದುವೆಮನೆಯಲ್ಲಿ ಕೂಗುವ ಅಲಾರಂ ಅಲ್ಲಿ ಶತ್ರುಗಳೇ. ಆ ತಾಯಿಗೆ ಆ್ಯಪ್ ಉಪಯುಕ್ತವೆಂದು ಚೆನ್ನಾಗಿ ಗೊತ್ತು, ಬಳಸುವುದೂ ಗೊತ್ತು, ಆದರೂ ಬಳಸುವುದಿಲ್ಲ. ಪ್ರಶ್ನಾವಳಿಯಲ್ಲಿ 'ಈ ಕಾಯಿಲೆಯ ವಿಷಯ ಮನೆಯ ಹೊರಗೆ ಯಾರಿಗೆಲ್ಲ ಗೊತ್ತು' ಎಂಬ ಪ್ರಶ್ನೆ ಇಲ್ಲದಿದ್ದರೆ ಆಕೆಯ ಉತ್ತರ ನಮಗೆ ಒಗಟಾಗಿಯೇ ಉಳಿಯುತ್ತದೆ.

ಈ ವಿಷಯವನ್ನು ಕನ್ನಡನಾಡಿನಲ್ಲಿ ಕೈಗೆತ್ತಿಕೊಳ್ಳುವ ಕಿರಿಯ ಸಂಶೋಧಕರಲ್ಲಿ ನನ್ನ ವಿನಂತಿ: ತಾಯಿಯನ್ನೂ ಮಗುವನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸಿ, ಮಗುವಿನ ಉತ್ತರವನ್ನು ತಾಯಿಯ ಬಾಯಿಂದ ಪಡೆಯಬೇಡಿ. ಆ್ಯಪ್ ಕೊಟ್ಟ ಮೊದಲ ವಾರದಲ್ಲಿ ಒಮ್ಮೆ, ವರ್ಷ ತುಂಬಿದ ಮೇಲೆ ಇನ್ನೊಮ್ಮೆ ಕೇಳಿ. ರಾತ್ರಿ ಅಲಾರಂ ಆದಾಗ ಏಳುವವರು ಯಾರು ಎಂಬುದನ್ನು ಮೊದಲ ಪ್ರಶ್ನೆಯಾಗಿಡಿ.